ಏಳನೆಯ ವಾಲ್ವ್

ಚಳಿಗಾಲದಲ್ಲಿ ಹಡಗಿನ ಕ್ಯಾಪ್ಟನ್ ಏನು ಮಾಡುತ್ತಾನೆ ಎಂದು ಜನ ಕೇಳುತ್ತಾರೆ. ಶಿಕಾಗೋ ಪಕ್ಕದ ನಮ್ಮ ನೇಪರ್‌ವಿಲ್‌ನಲ್ಲಿ, ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕುಗಳಲ್ಲಿ ತಟ್ಟೆಗೆ ಬಿಸಿಬೇಳೆಭಾತ್ ಹಾಕಿಕೊಳ್ಳುತ್ತಲೇ ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಮೊಸರನ್ನದ ಕಡೆಗೆ ಹೋಗುತ್ತಾರೆ. ಮದುವೆಗಳಿಲ್ಲದ ಆಷಾಢದಲ್ಲಿ ಛತ್ರದ ಮ್ಯಾನೇಜರ್ ಏನು ಮಾಡುತ್ತಾನೋ ಅದನ್ನೇ ನಾನೂ ಮಾಡುತ್ತೇನೆ. ಬೀಗದ ಕೈ ಗೊಂಚಲು ಹಿಡಿದುಕೊಂಡು ಸುಮ್ಮನೆ ಓಡಾಡುತ್ತೇನೆ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಶಿಕಾಗೋದ ದಡದಿಂದ ನಾನೊಂದು ಸ್ಕೂನರ್ ನಡೆಸುತ್ತೇನೆ. ಎರಡು ಹಾಯಿಕಂಬಗಳ ಮರದ ಹಡಗು. ಗಾಳಿಯಿದ್ದರೆ ಹಾಯಿಯಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಹೊಟ್ಟೆಯೊಳಗಿನ ಡೀಸೆಲ್ ಎಂಜಿನ್ನಿನಲ್ಲಿ. ಜನ ಟಿಕೆಟ್ ಕೊಂಡು ಹತ್ತಿ, ಎರಡು ಗಂಟೆ ಮಿಶಿಗನ್ ಸರೋವರದ ಮೇಲೆ ತೇಲಿ, ಊರಿನ ಎತ್ತರದ ಕಟ್ಟಡಗಳ ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಮೈಸೂರಿನವನಾದ ನಾನು ಇಪ್ಪತ್ತೈದು ದಾಟುವವರೆಗೆ ಕೆಆರ್‌ಎಸ್ ಹಿನ್ನೀರು ಬಿಟ್ಟರೆ ದೊಡ್ಡ ನೀರು ಕಂಡವನಲ್ಲ. ಡೆಟ್ರಾಯ್ಟ್ ಕಡೆ ಕಾರಿನ ಬ್ರೇಕು ವಿನ್ಯಾಸ ಮಾಡುತ್ತಿದ್ದ ಎಂಜಿನಿಯರು. ಶನಿವಾರಗಳಲ್ಲಿ ಹವ್ಯಾಸಕ್ಕೆಂದು ಹಗ್ಗ ಎಳೆಯಲು ಹೋಗಿ, ಪರೀಕ್ಷೆ ಬರೆದು, ಕೊನೆಗೆ ಬ್ರೇಕೇ ಇಲ್ಲದ ವಾಹನಕ್ಕೆ ಕ್ಯಾಪ್ಟನ್ ಆದೆ. ಹದಿನೈದು ಬೇಸಿಗೆಗಳಾದವು.

ಬೇಸಿಗೆ ಸರಿ. ಚಳಿಗಾಲ ಮಾತ್ರ ನನಗೆ ಇವತ್ತಿಗೂ ಒಗ್ಗಿಲ್ಲ. ನಮ್ಮ ಬಡಾವಣೆಯ ಹಿಂದೆ ಮಳೆ ನೀರು ನಿಲ್ಲಲೆಂದು ತೋಡಿದ ಒಂದು ಕೊಳವಿದೆ. ಬೆಳಗಿನ ಕಾಫಿ ಹಿಡಿದು ಅದರ ಮುಂದೆ ನಿಂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತೇನೆ. ವಾಯವ್ಯವಾದರೇನು, ಆಗ್ನೇಯವಾದರೇನು, ಅಲ್ಲಿ ತೇಲುವುದು ಎಂಟು ಹತ್ತು ಬಾತುಕೋಳಿ, ಅವೂ ನೀರು ಗಟ್ಟಿಯಾದ ಮೇಲೆ ನಡೆದುಕೊಂಡೇ ಓಡಾಡುತ್ತವೆ. ಆದರೂ ನೋಡದಿದ್ದರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಆಮೇಲೆ ಮನೆಯೊಳಗೆ ಬಂದು ಕಾಲು ಸುಟ್ಟ ಬೆಕ್ಕಿನಂತೆ ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ಸುತ್ತುತ್ತೇನೆ. ಹೆಂಡತಿ ಮೇಲಿನ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಮೀಟಿಂಗ್ ನಡೆಯುವಾಗಲೇ ನನಗೆ ಗ್ಯಾರೇಜಿನ ಬಾಗಿಲಿಗೆ ಎಣ್ಣೆ ಹಾಕಬೇಕೆನ್ನಿಸುವುದು ಅವಳ ಪ್ರಕಾರ ಆಕಸ್ಮಿಕವಲ್ಲ.

ಒಂದು ದಿನ ಅವಳು ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು, ಕಪಾಟು ತೆಗೆದವಳು ಹಾಗೆಯೇ ನಿಂತಳು.

"ರೀ, ಸಾಸಿವೆ ಡಬ್ಬಿಗೆ ಯಾಕ್ರೀ ಹಗ್ಗ ಕಟ್ಟಿದೀರಾ?"

"ಬೀಳದೆ ಇರ್ಲಿ ಅಂತ."

"ಹದಿನೆಂಟು ವರ್ಷದಿಂದ ಬಿದ್ದಿಲ್ಲ. ಈ ಮನೆ ಅಲ್ಲಾಡಲ್ಲ ಕಣ್ರೀ. ಅಲ್ಲಾಡ್ತಿರೋದು ನೀವು."

ನಾನು ಗಂಟು ಬಿಚ್ಚಿದೆ. ಅಷ್ಟರಲ್ಲಿ ಎಣ್ಣೆ ಹೊಗೆಯಾಡಿ ಸ್ಮೋಕ್ ಅಲಾರ್ಮ್ ಕೂಗಿಕೊಂಡಿತು. ಅದಕ್ಕೂ ನಾನೇ ಕಾರಣ ಎಂದಾಯಿತು.

ಇದೆಲ್ಲ ಪ್ರತಿ ವರ್ಷದ್ದು. ಆದರೆ ಹೋದ ಚಳಿಗಾಲದ ಚಡಪಡಿಕೆಗೆ ಬೇರೆಯದೇ ಕಾರಣವಿತ್ತು. ಆ ಕಾರಣ ಡೆಟ್ರಾಯ್ಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ವಾಸವಾಗಿದ್ದ.

ಅವನು ವಿಜಯಪುರದವನು, ನನ್ನ ವಯಸ್ಸಿನವನೇ, ಡೆಟ್ರಾಯ್ಟ್ ದಿನಗಳ ಗೆಳೆಯ. ಡೆಟ್ರಾಯ್ಟಿನ ಕಾರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು, ಒಂದು ಬೆಳಿಗ್ಗೆ ಕೆಲಸ ಕಳೆದುಕೊಂಡ. ಆರು ತಿಂಗಳು ಸೋಫಾ ಬಿಟ್ಟು ಏಳಲಿಲ್ಲ, ಊಟ ಸೇರುತ್ತಿರಲಿಲ್ಲ ಎಂದು ಅವನ ಹೆಂಡತಿ ನನ್ನವಳ ಹತ್ತಿರ ಫೋನಿನಲ್ಲಿ ಅತ್ತಿದ್ದಳು. ಸುಮ್ಮನೆ ಒಂದು ವಾರ ಬಂದು ಹಗ್ಗ ಎಳೆ ಎಂದು ನಾನೇ ಕರೆಸಿದೆ. ಐವತ್ತನೆಯ ವಯಸ್ಸಿನಲ್ಲಿ ಈಜು ಕಲಿತ. ಎರಡನೆಯ ಬೇಸಿಗೆಯ ಹೊತ್ತಿಗೆ ನನ್ನ ಮೇಟ್, ಅಂದರೆ ಹಡಗಿನಲ್ಲಿ ನನ್ನ ನಂತರದವನು, ಅವನೇ ಆಗಿದ್ದ. ಗಾಳಿ ತಿರುಗುವುದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಹೇಗೆ ಎಂದು ಕೇಳಿದರೆ ನಗುತ್ತಿದ್ದ: "ಜ್ವಾಳದ ರಾಶಿ ತೂರೂವಾಗ ಗಾಳಿ ಕಾದು ಕುಂತ ಮಂದಿರಿ ನಾವು. ಈ ಹಾಯಿ ಯಾವ ಲೆಕ್ಕ?" ಬಟ್ಟೆ ಒದ್ದೆಯಾದ ದಿನಗಳಲ್ಲೂ ಅವನ ಮುಖದಲ್ಲಿ ಸುಖವಿರುತ್ತಿತ್ತು. ಅವನ ಹೆಂಡತಿ ಪ್ರತಿ ಯುಗಾದಿಗೂ ನನಗೊಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸುತ್ತಿದ್ದಳು.

ಅವನನ್ನು ನಾನು ಆಗಸ್ಟಿನಲ್ಲಿ ಹಡಗಿನಿಂದ ಇಳಿಸಿದೆ.

ಮರದ ಹಡಗು ಸ್ವಲ್ಪ ನೀರು ಕುಡಿಯುತ್ತಲೇ ಇರುತ್ತದೆ. ಎಷ್ಟು ಕುಡಿಯಿತು ಎಂಬುದೇ ಪ್ರಶ್ನೆ. ಅದಕ್ಕೆಂದು ಗಂಟೆಗೊಮ್ಮೆ ಒಬ್ಬರು ತಳಕ್ಕಿಳಿದು, ನೀರು ಎಷ್ಟು ಇಂಚು ನಿಂತಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಆ ದಿನ ತುಂಬ ಜನ, ತುಂಬ ಗಾಳಿ. ಅವನು ಒಂದು ಗಂಟೆಗೆ ಇಳಿದವನು ಎರಡರದ್ದೂ ಮೂರರದ್ದೂ ಸೇರಿಸಿ ಬರೆದುಬಿಟ್ಟಿದ್ದ. ಎರಡೂವರೆಗೆ ನಾನು ಯಾವುದೋ ಕೆಲಸಕ್ಕೆ ಕೆಳಗಿಳಿದರೆ ನೀರು ಹಲಗೆ ಮುಟ್ಟಿತ್ತು. ಪಂಪಿನ ಸ್ವಿಚ್ಚು ಸಿಕ್ಕಿಕೊಂಡಿತ್ತು. ಪುಸ್ತಕದಲ್ಲಿ, ಇನ್ನೂ ಬಾರದ ಮೂರು ಗಂಟೆಗೆ, ಎರಡೇ ಇಂಚು ನೀರಿತ್ತು. ಅನಾಹುತ ಏನೂ ಆಗಲಿಲ್ಲ. ಇಪ್ಪತ್ತು ನಿಮಿಷ ಕೈಪಂಪು ಹೊಡೆದದ್ದಾಯಿತು, ಪ್ರಯಾಣಿಕರಿಗೆ ಗೊತ್ತೂ ಆಗಲಿಲ್ಲ.

ನನ್ನ ಸಿಟ್ಟು ಮಾತ್ರ ದಡ ಮುಟ್ಟುವವರೆಗೆ ಕುದಿಯುತ್ತಲೇ ಇತ್ತು. ಪ್ರಯಾಣಿಕರು ಇಳಿದ ಮೇಲೆ ಆರು ಜನ ಸಿಬ್ಬಂದಿಯನ್ನೂ ಸಾಲಾಗಿ ನಿಲ್ಲಿಸಿ ಅವನನ್ನು ಮುಂದೆ ಕರೆದೆ. ಹಡಗು ನಡೆಯುವಾಗ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ ಎಂಬುದು ನಮ್ಮ ನಿಯಮ. ದಡಕ್ಕೆ ಹಗ್ಗ ಕಟ್ಟಿದ ಮೇಲೆ ನಾವಿಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದೆವು. ಆ ದಿನ ಹಗ್ಗ ಕಟ್ಟಿದ ಮೇಲೂ ನಾನು ಇಂಗ್ಲಿಷಿನಲ್ಲೇ ಮಾತಾಡಿದೆ. ಮಾಡಿದ್ದನ್ನು ಬರೆಯಬೇಕು, ಮಾಡಲಿರುವುದನ್ನಲ್ಲ, ಇಷ್ಟು ತಿಳಿಯದವನಿಗೆ ನನ್ನ ಹಡಗಿನಲ್ಲಿ ಜಾಗವಿಲ್ಲ ಎಂದೆ. ಅವನು "ತಪ್ಪಾತ್ರಿ" ಎಂದು ಒಂದೇ ಮಾತು ಹೇಳಿ, ಬ್ಯಾಗು ತಂದು, ಎಲ್ಲರ ಕೈ ಕುಲುಕಿ ಹೋದ. ನನ್ನ ಕೈಯನ್ನೂ ಕುಲುಕಿದ.

ಡಿಸೆಂಬರಿನಲ್ಲಿ ಅವನಿಂದ ಒಂದು ಇಮೇಲ್ ಬಂತು. ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ. ಡೆಟ್ರಾಯ್ಟ್ ಕಡೆಯ ಇನ್ನೊಂದು ಹಾಯಿ ಹಡಗಿನವರಿಗೆ ಮೇಟ್ ಬೇಕಾಗಿದೆ, ಹಿಂದಿನ ಕ್ಯಾಪ್ಟನ್ನಿನಿಂದ ಒಂದು ಪತ್ರ ಕೇಳಿದ್ದಾರೆ, ಜನವರಿ ಮುಗಿಯುವುದರೊಳಗೆ ಕೊಟ್ಟರೆ ಉಪಕಾರವಾಗುತ್ತದೆ ಎಂದಿತ್ತು. ಪತ್ರವಿಲ್ಲದಿದ್ದರೆ ಅವರು ಅರ್ಜಿಯನ್ನೇ ನೋಡುವುದಿಲ್ಲ. ಹಾಳೆ ತೆಗೆದು, ಅವನು ಕೆಲಸ ಮಾಡಿದ ದಿನಗಳ ಲೆಕ್ಕವನ್ನು ತಕ್ಷಣ ಬರೆದೆ. ಆಮೇಲೆ 'ಈ ವ್ಯಕ್ತಿಯ ಬಗ್ಗೆ' ಎಂದು ಬರೆದು ನಿಲ್ಲಿಸಿದೆ. ಆ ಹಾಳೆ ಮೂರು ವಾರ ನನ್ನ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು.

ಹೆಂಡತಿಗೆ ವಿಷಯ ಗೊತ್ತಿತ್ತು. ಹೆಂಗಸರ ಫೋನು ನಾವು ಗಂಡಸರು ಮಾತು ಬಿಟ್ಟರೂ ನಿಲ್ಲುವುದಿಲ್ಲ.

"ಅವರು ಅಲ್ಲೇ ಡೆಟ್ರಾಯ್ಟ್ ಹತ್ರ ವಿಕ್ಸಮ್‌ನಲ್ಲಿ ಯಾವುದೋ ಶೆಡ್ಡಿನಲ್ಲಿ ಪಾರ್ಟ್ಸ್ ಅಳತೆ ನೋಡೋ ಕೆಲಸಕ್ಕೆ ಸೇರಿಕೊಂಡಿದಾರಂತೆ," ಎಂದಳು. "ಒಂದು ಕಿಟಕೀನೂ ಇಲ್ವಂತೆ. ಮನೇಲಿ ಮತ್ತೆ ಮಾತಾಡ್ತಿಲ್ವಂತೆ. ಎರಡು ಸಾಲು ಬರೆದುಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಸುಳ್ಳು ಬರೆಯಕ್ಕೆ ಆಗಲ್ಲ ನನಗೆ."

"ನಾಲ್ಕು ವರ್ಷ ಚೆನ್ನಾಗಿ ಕೆಲಸ ಮಾಡಿದ್ದು ಸುಳ್ಳಾ?"

"ಸುಳ್ಳು ಲೆಕ್ಕ ಬರೆಯೋನನ್ನ ಇನ್ನೊಬ್ಬರ ಹಡಗಿಗೆ ಹೇಗೆ ಕಳಿಸ್ಲಿ? ನಾಳೆ ಅಲ್ಲಿ ನೀರು ತುಂಬಿದ್ರೆ?"

ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು. ನಾನು ಎದ್ದು ಗ್ಯಾರೇಜಿಗೆ ಹೋಗಿ, ಹೋದ ವಾರವಷ್ಟೇ ವಾರ್ನಿಷ್ ಬಳಿದಿದ್ದ ಹಡಗಿನ ಮರದ ರಾಟೆಗಳಿಗೆ ಇನ್ನೊಂದು ಸುತ್ತು ಬಳಿದೆ.

ಜನವರಿಯ ಮೂರನೆಯ ವಾರ ಚಳಿ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿಳಿಯಿತು, ಫ್ಯಾರನ್‌ಹೀಟಿನಲ್ಲಿ. ಸೋಮವಾರ ಬೆಳಿಗ್ಗೆ ಹೆಂಡತಿ ಮೆಟ್ಟಿಲ ಮೇಲಿನಿಂದ ಕೂಗಿ ಕೇಳಿದಳು, "ರೀ, ಹಿಂದುಗಡೆ ನಲ್ಲಿ ಬಂದ್ ಮಾಡಿ ನೀರು ಖಾಲಿ ಮಾಡಿದ್ರಾ?"

"ಮಾಡಿದೀನಿ," ಎಂದೆ. ಎಷ್ಟು ಬೇಗ ಎಂದೆನೆಂದರೆ ನನಗೇ ಅನುಮಾನ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಕೋಟು ಹಾಕಿಕೊಂಡು ಹಿಂದೆ ಹೋಗಿ ನೋಡಿದೆ. ನಲ್ಲಿ ಸರಿಯಾಗಿಯೇ ಇತ್ತು. ಆದರೆ ಅದರ ಮುಂದೆ ನಿಂತವನಿಗೆ ಹಡಗಿನ ಏಳನೆಯ ವಾಲ್ವ್ ನೆನಪಾಯಿತು.

ಅದನ್ನು ಸ್ವಲ್ಪ ವಿವರಿಸಬೇಕು. ಚಳಿಗಾಲಕ್ಕೆ ನಮ್ಮ ಹಡಗು ಸರೋವರದ ಆಚೆ ದಡಕ್ಕೆ, ಮಿಶಿಗನ್ನಿನ ಒಂದು ನದಿಯಲ್ಲಿರುವ ದುರಸ್ತಿ ಅಂಗಳಕ್ಕೆ ಹೋಗುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಸಿ ನೀರಿನಲ್ಲೇ ಬಿಡುತ್ತೇವೆ. ಎಂಜಿನ್ ತಂಪಾಗಿಸಲು, ಪಾತ್ರೆ ತೊಳೆಯಲು, ಹೀಗೆ ಹೊರಗಿನ ನೀರು ಒಳಗೆ ಬರುವುದಕ್ಕೆ ಹಡಗಿನ ತಳದಲ್ಲಿ ಏಳು ತೂತುಗಳಿವೆ, ಒಂದೊಂದಕ್ಕೂ ಒಂದು ಕಂಚಿನ ವಾಲ್ವ್. ಒಂದೊಂದನ್ನೂ ಮುಚ್ಚಿ, ಒಳಗೆ ಉಳಿದ ನೀರು ಇಳಿಸಿ, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ತುಂಬಬೇಕು. ಇಲ್ಲದಿದ್ದರೆ ಆ ನೀರು ಮಂಜುಗಡ್ಡೆಯಾಗಿ ಉಬ್ಬಿ ಕಂಚನ್ನೇ ಸೀಳುತ್ತದೆ. ಚಳಿ ಇರುವಷ್ಟು ದಿನ ಆ ಮಂಜುಗಡ್ಡೆಯೇ ಬಿರಡೆಯಂತೆ ಕೂತಿರುತ್ತದೆ. ಬಿಸಿಲು ಬಂದ ದಿನ ಕರಗುತ್ತದೆ, ಹಡಗು ಕಟ್ಟಿದ ಜಾಗದಲ್ಲೇ ಮುಳುಗುತ್ತದೆ.

ನಾಲ್ಕು ವರ್ಷ ಆ ಕೆಲಸ ನಾವಿಬ್ಬರೂ ಸೇರಿ ಮಾಡುತ್ತಿದ್ದೆವು. ನಾನು ಕೆಳಗೆ ಎಂಜಿನ್ನಿನ ಪಕ್ಕ ಮಲಗಿ ಕೆಲಸ ಮುಗಿಸಿ "ಒಂದು!" ಎಂದು ಕೂಗುವುದು, ಅವನು ಮೇಲೆ ಕೂತು ಪಟ್ಟಿಯಲ್ಲಿ ಒಂದರ ಮುಂದೆ ಸಹಿ ಹಾಕುವುದು. ಮಾಡುವವನು ಒಬ್ಬ, ಬರೆಯುವವನು ಇನ್ನೊಬ್ಬ. ಹೋದ ವರ್ಷ ಅವನಿರಲಿಲ್ಲ. ಯಾರನ್ನಾದರೂ ಕರೆದುಕೊಂಡು ಹೋಗಬಹುದಿತ್ತು. ನಾನೊಬ್ಬನೇ ಸಾಕು ಎಂದು ಜಂಬದಿಂದ ಹೋದೆ.

ಅದು ನವೆಂಬರಿನ ಮೊದಲ ಶನಿವಾರ. ಸಂಜೆ ನಮ್ಮ ಕನ್ನಡದವರ ರಾಜ್ಯೋತ್ಸವ, ನಾಟಕದಲ್ಲಿ ನನಗೆ ಅಂಬಿಗನ ಪಾತ್ರ. ಯಾವ ನಾಟಕವಾದರೂ ಸರಿ, ಎಲ್ಲಿಂದಾದರೂ ಒಬ್ಬ ಅಂಬಿಗನನ್ನು ತಂದು ನನಗೆ ಅಂಟಿಸುತ್ತಾರೆ. ಆರು ವಾಲ್ವ್ ಮುಗಿದಿತ್ತು, ಹೆಂಡತಿಯ ಫೋನು ಬಂತು: ಐದಕ್ಕೆ ಮೇಕಪ್ಪು, ತಡ ಮಾಡಬೇಡಿ. ಫೋನಿನಲ್ಲೇ ಗಂಟೆ ನೋಡಿದೆ, ಎರಡೂ ಇಪ್ಪತ್ತು. ಎರಡೂವರೆ ಗಂಟೆಯ ದಾರಿ. ಹೊರಟೆ. ಹೊರಟೆ ಎಂದರೆ, ಏಳನೆಯದನ್ನು ಮುಗಿಸಿ ಹೊರಟೆನೋ ಮುಗಿಸದೆ ಹೊರಟೆನೋ, ಅದೇ ನೆನಪಿಲ್ಲ. ನೆನಪಿರುವುದು ಇಷ್ಟು: ಕಾರಿನಲ್ಲಿ ಹೀಟರ್ ಹಾಕಿಕೊಂಡು, ಪಟ್ಟಿಯನ್ನು ಸ್ಟಿಯರಿಂಗ್ ಮೇಲಿಟ್ಟು, ಏಳೂ ಸಾಲುಗಳಿಗೆ ಒಂದೇ ಉಸಿರಿನಲ್ಲಿ ಸಹಿ ಹಾಕಿದೆ. ಅದನ್ನು ಎಂಜಿನ್ ಕೋಣೆಯ ಮೊಳೆಗೆ ಸಿಕ್ಕಿಸಲು ಮತ್ತೆ ಹಡಗಿಗೆ ಹತ್ತಿದೆ. ಹತ್ತಿದಾಗಲಾದರೂ ಏಳನೆಯದನ್ನು ಮುಟ್ಟಿದೆನೇ? ಗೊತ್ತಿಲ್ಲ.

ಇದರಲ್ಲಿ ಇನ್ನೊಂದು ತಮಾಷೆಯಿದೆ, ಈಗಲೂ ನನಗೆ ನಗು ಬರುವುದಿಲ್ಲ. ಮಿಶಿಗನ್ನಿನ ಗಡಿಯಾರ ಶಿಕಾಗೋಗಿಂತ ಒಂದು ಗಂಟೆ ಮುಂದೆ, ಫೋನು ತೋರಿಸಿದ್ದು ಅಲ್ಲಿನ ಗಂಟೆ. ವರ್ಷಕ್ಕೆ ಹತ್ತಾರು ಸಲ ಆ ಗೆರೆ ದಾಟುವವನು ನಾನು, ಆ ದಿನ ಮರೆತೆ. ಬೆವರು ಸುರಿಸಿಕೊಂಡು ನೇಪರ್‌ವಿಲ್ ತಲುಪಿದಾಗ ಇನ್ನೂ ನಾಲ್ಕಾಗಿರಲಿಲ್ಲ, ಹಾಲಿನ ಬಾಗಿಲಿಗೆ ಬೀಗ. ಒಂದು ಗಂಟೆ ಕಾರಿನಲ್ಲಿ ಕೂತು ನನ್ನ ಎರಡು ಸಾಲಿನ ಮಾತು ಬಾಯಿಪಾಠ ಮಾಡಿದೆ.

ನಲ್ಲಿಯ ಮುಂದೆ ನಿಂತವನು ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಹವಾಮಾನ ನೋಡಿದೆ: ವಾರವಿಡೀ ಇದೇ ಚಳಿ, ಭಾನುವಾರ ನಲವತ್ತು ಡಿಗ್ರಿ, ಅಂದರೆ ಮಂಜುಗಡ್ಡೆ ಕರಗುವಷ್ಟು. ಅಂಗಳದಲ್ಲಿ ಚಳಿಗಾಲವೆಲ್ಲ ಹಡಗು ಕಾಯುವ ಒಬ್ಬ ಮುದುಕನಿದ್ದಾನೆ. ಒಂದು ಫೋನು ಮಾಡಿದರೆ ಟಾರ್ಚು ಹಿಡಿದು ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾನೆ. ಆದರೆ ನೋಡಲು ಹೋದವನ ಕಣ್ಣಿಗೆ ಮೊದಲು ಬೀಳುವುದು ಮೊಳೆಗೆ ನೇತು ಹಾಕಿದ ನನ್ನ ಪಟ್ಟಿ. 'ಇಲ್ಲಿ ಸಹಿ ಇದೆಯಲ್ಲ ಕ್ಯಾಪ್ಟನ್' ಎನ್ನುತ್ತಾನೆ. ಅದಕ್ಕೆ ಏನೆನ್ನಲಿ? ಸೋಮವಾರ ಫೋನು ಕೈಗೆತ್ತಿಕೊಂಡೆ, ಇಟ್ಟೆ. ಮಂಗಳವಾರ ಮುದುಕನ ನಂಬರು ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮನೆ ಮುಂದಿನ ಡ್ರೈವ್‌ವೇಯಲ್ಲಿ ಇಲ್ಲದ ಹಿಮ ಕೆರೆದೆ. ಪಕ್ಕದ ಮನೆಯವರದ್ದನ್ನೂ ಕೆರೆದೆ. ಹಡಗು ಮುಳುಗುವ ಭಯಕ್ಕಿಂತ ಸಿಕ್ಕಿಬೀಳುವ ಭಯವೇ ದೊಡ್ಡದಾಗಿತ್ತು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದು ಹಾಗೇ ಇತ್ತು.

ಬುಧವಾರ ಸಂಜೆ ಹೆಂಡತಿ ಅಡುಗೆಮನೆಗೆ ಬಂದರೆ, ನಾನು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ.

"ಏನಾಗಿದೆ ಹೇಳ್ತೀರೋ, ಇಲ್ಲ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೋಬೇಕೋ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಕುರ್ಚಿ ಎಳೆದು ಕೂತು ಕೇಳಿದಳು.

"ಹಾಗಾದ್ರೆ ಅವರು ಮಾಡಿದ್ದೇ ನೀವೂ ಮಾಡಿರೋದು."

"ಇನ್ನೂ ಗೊತ್ತಿಲ್ವಲ್ಲ. ಮುಗಿಸಿರಲೂಬಹುದು ನಾನು."

"ಮುಗಿಸಿದ್ರೂ ಅಷ್ಟೇ ಅಲ್ವೇನ್ರೀ? ಮಾಡಿದ್ದು ನೆನಪಿಲ್ಲದೆ ತಾನೇ ಸೈನ್ ಹಾಕಿದ್ದು? ಹೇಳೋದು ಆಚಾರ, ತಿನ್ನೋದು ಬದನೆಕಾಯಿ."

ನನಗೆ ಸಿಟ್ಟು ಬಂತು. ಬಂದ ಸಿಟ್ಟಿಗೆ ಕೂರಲು ಜಾಗವಿರಲಿಲ್ಲ. ಅವಳು ಎದ್ದು ಹಿಟ್ಟಿನ ಡಬ್ಬಿ ತೆಗೆದಳು. "ಬೆಳಿಗ್ಗೆ ಹೊರಡಿ. ಚಪಾತಿ ಕಟ್ಟಿಕೊಡ್ತೀನಿ. ಫೋನಲ್ಲಿ ಹೇಳಕ್ಕಾಗದೆ ಇದ್ರೆ ಹೋಗೇ ನೋಡಿ."

ಗುರುವಾರ ಇಂಡಿಯಾನಾ ದಾಟುವಾಗ ಸರೋವರದ ಮೇಲಿನಿಂದ ಹಿಮ ಅಡ್ಡಡ್ಡ ಬೀಸುತ್ತಿತ್ತು. ಮುಂದಿನ ಟ್ರಕ್ಕಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಂಗಳ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಈ ಸಲ ಮಿಶಿಗನ್ ಗಂಟೆಯನ್ನೇ ನೋಡಿದ್ದೆ. ಮುದುಕ ಏನು ಬಂದಿರಿ ಎಂದು ಕೇಳಿದ. ವಾಲ್ವ್ ನೋಡಬೇಕು ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ, ಟಾರ್ಚು ತಂದ.

ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆಳಕು ಹಾಲಿನ ಬಣ್ಣದ್ದಾಗಿತ್ತು, ವಾರ್ನಿಷ್ಷಿನ, ಡೀಸೆಲ್ಲಿನ ವಾಸನೆ. ಎಂಜಿನ್ನಿನ ಪಕ್ಕ ಬೋರಲು ಮಲಗಿ ಕೈ ಚಾಚಿದೆ. ಆರರಲ್ಲೂ ಗುಲಾಬಿ ಬಣ್ಣ ಕಂಡಿತು. ಏಳನೆಯದರ ಮೇಲೆ ಬೆಳಕು ಬಿಟ್ಟೆ. ಕಂಚಿನ ಮೈಮೇಲೆ ಒಂದು ಕೂದಲೆಳೆಯಷ್ಟು ಸೀಳು, ಅದರ ತುದಿಯಲ್ಲಿ ಅಕ್ಕಿಕಾಳಿನ ಗಾತ್ರದ ಮಂಜುಗಡ್ಡೆ. ಆ ಏಳನೆಯದನ್ನು ನಾನು ಮುಟ್ಟಿಯೇ ಇರಲಿಲ್ಲ. ಎಷ್ಟು ಹೊತ್ತು ಹಾಗೇ ಮಲಗಿದ್ದೆನೋ, ಮುದುಕ ಕಾಲು ತಟ್ಟಿ ಬದುಕಿದ್ದೀರಾ ಎಂದು ಕೇಳಿದ.

ಮುಂದಿನದು ಕೆಲಸ. ಕೆಲಸ ಇದ್ದರೆ ನಾನು ಮನುಷ್ಯನಂತಿರುತ್ತೇನೆ. ಸೀಳಿನ ಮೇಲೆ ದಪ್ಪ ರಬ್ಬರು ಸುತ್ತಿ ಕ್ಲಾಂಪು ಬಿಗಿದೆವು, ಇನ್ನೊಂದು ಪಂಪು ಇಳಿಸಿದೆವು. ಮೂರು ಗಂಟೆಗೆ ಒಬ್ಬ ಮುಳುಗುಗಾರ ಬಂದು ಹೊರಗಿನಿಂದ ಆ ತೂತಿಗೆ ಮರದ ಗೂಟ ಬಡಿದ. ಹಡಗು ಉಳಿಯಿತು. ಆಮೇಲೆ ಪಟ್ಟಿಯನ್ನು ಮೊಳೆಯಿಂದ ತೆಗೆದು, ಮುದುಕನ ಎದುರಿಗೇ ಏಳನೆಯ ಸಾಲಿನ ಸಹಿ ಹೊಡೆದು ಹಾಕಿದೆ. ಅವನು ನೋಡಿದ, ಭುಜ ಕುಣಿಸಿದ, ಕಾಫಿ ಬೇಕೇ ಎಂದ.

ಹಡಗಿನ ಮಾಲೀಕನಿಗೆ ಅಲ್ಲಿಂದಲೇ ಫೋನು ಮಾಡಿದೆ. ನನ್ನ ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡು, ಮಾಡದೆ ಸಹಿ ಹಾಕಿದ್ದೆ ಎಂದು ಬಿಡಿಸಿ ಹೇಳಿದೆ. ಅವನು ನಕ್ಕ. ಸಿಕ್ಕಿತಲ್ಲ, ಸಾಕು ಬಿಡು, ಎಲ್ಲರಿಗೂ ಆಗುತ್ತದೆ ಎಂದ. ನೇಪರ್‌ವಿಲ್ಲಿನಲ್ಲಿ ಎಷ್ಟು ಹಿಮ ಬಿದ್ದಿದೆ ಎಂದು ಕೇಳಿ ಫೋನಿಟ್ಟ. ಎಲ್ಲ ಸೇರಿ ಅರ್ಧ ನಿಮಿಷ. ರಾತ್ರಿ ಆ ಊರಿನಲ್ಲೇ ಉಳಿದೆ. ಮೋಟೆಲಿನ ಮಂಚದ ಮೇಲೆ ಕೂತು ಚಪಾತಿ ಬಿಚ್ಚಿದೆ, ಮತ್ತೆ ಕಟ್ಟಿಟ್ಟೆ. ಯಾರಾದರೂ ಬೈದಿದ್ದರೆ ತಿನ್ನುತ್ತಿದ್ದೆ. ನನಗೆ ಸಿಕ್ಕ ಆ ಅರ್ಧ ನಿಮಿಷವನ್ನು ನಾನು ಆಗಸ್ಟಿನಲ್ಲಿ ಅವನಿಗೆ ಕೊಟ್ಟಿರಲಿಲ್ಲ, ಐದು ತಿಂಗಳಾದ ಮೇಲೂ ಎರಡು ಸಾಲು ಕೊಟ್ಟಿರಲಿಲ್ಲ.

ಮೋಟೆಲಿನ ಹಾಳೆಯ ಮೇಲೆಯೇ ಪತ್ರ ಬರೆದೆ. ನಾಲ್ಕು ಬೇಸಿಗೆ ಇವನು ನನ್ನ ಮೇಟ್. ಇವನಿಗಿಂತ ಚೆನ್ನಾಗಿ ಗಾಳಿ ಓದುವವನನ್ನು ನಾನು ಕಂಡಿಲ್ಲ. ಒಂದು ದಿನ ನೀರಿನ ಅಳತೆಯನ್ನು ನೋಡದೆ ಮುಂಚಿತವಾಗಿ ಬರೆದ, ಅದಕ್ಕೆ ಇಳಿಸಿದೆ. ಮೂರು ತಿಂಗಳಾಗುವುದರೊಳಗೆ ನಾನೂ ವಾಲ್ವ್ ಮುಟ್ಟದೆ ಸಹಿ ಹಾಕಿದೆ, ನನ್ನನ್ನು ಯಾರೂ ಇಳಿಸಲಿಲ್ಲ. ಇವನು ಮತ್ತೆ ಆ ತಪ್ಪು ಮಾಡುವುದಿಲ್ಲ ಎಂದು ನಾನು ನಂಬುತ್ತೇನೆ. ಇಷ್ಟೇ ಬರೆದು ಸಹಿ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಮನೆಯ ಕಡೆ ಪಶ್ಚಿಮಕ್ಕೆ ತಿರುಗದೆ ಪೂರ್ವಕ್ಕೆ ಹೊರಟೆ. ವಿಕ್ಸಮ್‌ನ ಆ ಶೆಡ್ಡು ಒಂದೇ ಥರದ ಹತ್ತಾರು ಶೆಡ್ಡುಗಳ ನಡುವೆ ಇತ್ತು. ಹೆಂಡತಿ ವಿಳಾಸ ಕಳಿಸಿದ್ದಳು, ಊಟದ ಬಿಡುವು ಹನ್ನೊಂದೂವರೆಗೆ ಎಂಬುದನ್ನೂ ತಿಳಿದು ಹೇಳಿದ್ದಳು, ನಾನು ಬರುವ ಸುದ್ದಿಯನ್ನೂ ಅವನ ಮನೆಗೆ ಮುಟ್ಟಿಸಿದ್ದಳು. ಪಾರ್ಕಿಂಗಿನಲ್ಲಿ ಎಂಜಿನ್ ಆರಿಸದೆ ಕಾದೆ. ಅವನು ಡಬ್ಬಿ ಹಿಡಿದು ಬಂದ. ಸೊರಗಿಹೋಗಿದ್ದ. ನನ್ನ ಕಾರಿನ ಬಾಗಿಲು ತೆಗೆದು ಪಕ್ಕದಲ್ಲಿ ಕೂತ, ಹಡಗಿನಲ್ಲಿ ಕೂರುತ್ತಿದ್ದ ಹಾಗೆಯೇ ಮಂಡಿಗಳ ಮೇಲೆ ಕೈಯಿಟ್ಟುಕೊಂಡು.

"ಆರಾಮದೀರಿ, ಕ್ಯಾಪ್ಟನ್ ಸಾಹೇಬ್ರ?"

"ಇಲ್ಲ ಕಣಯ್ಯ," ಎಂದೆ.

"ಮೊದ್ಲ ಊಟ ಮಾಡ್ರಿ ಹಂಗಾದ್ರ." ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಅರ್ಧ ನನ್ನ ಕೈಗಿಟ್ಟ. ತಿನ್ನುತ್ತಲೇ ವಾಲ್ವಿನ ಕಥೆ ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ: "ಹಡಗಾ ಆರಾಮ ಅದನೋ ಇಲ್ಲೋ?"

"ಇದೆ."

"ಆತು ಬಿಡ್ರಿ."

ಪತ್ರ ಕೊಟ್ಟೆ. ಕೈ ಒರೆಸಿಕೊಂಡು ಎರಡು ಸಲ ಓದಿದ.

"ನನ್ನ ತಪ್ಪು ಇರ್ಲಿ. ನಿಮ್ಮದು ತಗೀರಿ," ಎಂದ. "ಅವ್ರು ಕೇಳಿದ್ದು ನನ್ನ ಬಗ್ಗೆ. ನಿಮ್ಮ ಹೆಸರು ಯಾಕ ಕೆಡಸ್ಕೋತೀರಿ?"

"ಇರೋದನ್ನೇ ಬರೆದಿದೀನಿ. ನಿನಗೆ ಮಾಡಿದ್ದು ನ್ಯಾಯ ಅಲ್ಲ. ತಪ್ಪಾಯ್ತು."

ಅವನು ಕಾಗದ ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಮಾತು ಬಂದಾಗ ದನಿ ಏರಿರಲಿಲ್ಲ.

"ನೋಡ್ರಿ, ತಪ್ಪು ನಂದ. ನೀವು ಇಳಸಿದ್ದು ನನಗ ಬ್ಯಾಸರಿಲ್ಲ. ಆದ್ರ ಆ ದಿವ್ಸ ಆರು ಮಂದಿ ಮುಂದ ನಿಂದರಿಸಿ ಅಂದ್ರಿ. ಮನ್ಯಾಗ ಉಣ್ಣಾಕ ಕುಂತ್ರ ಆ ಆರು ಮಂದಿ ಮಾರಿ ಕಾಣತಾವ ನನಗ. ಇವತ್ತ ನೀವು ತಪ್ಪಾತು ಅಂತ ಅನ್ನಾಕತ್ತೀರಿ, ಯಾರ ಮುಂದ? ನಾ ಒಬ್ಬನ ಇದೀನಿ. ಕಾರಿನ ಗಾಜು ಸುದ್ದಾ ಏರ್ಸೀರಿ."

ಸೋಮವಾರದಿಂದ ಎಷ್ಟೆಲ್ಲ ಯೋಚಿಸಿದ್ದೆ, ಆ ಆರು ಮುಖಗಳು ಒಮ್ಮೆಯೂ ನನ್ನ ಯೋಚನೆಯಲ್ಲಿ ಬಂದಿರಲಿಲ್ಲ. ಫೋನು ತೆಗೆದು ಸ್ಪೀಕರಿಗೆ ಹಾಕಿದೆ.

ನಮ್ಮ ಸಿಬ್ಬಂದಿ ಚಳಿಗಾಲದಲ್ಲಿ ದಿಕ್ಕಿಗೊಬ್ಬರು. ಮೊದಲು ಸಿಕ್ಕವಳು ಅಡುಗೆಯವಳು. ಈಗ ಉತ್ತರದಲ್ಲೆಲ್ಲೋ ಸ್ಕೀ ಮಾಡುವವರ ಹೋಟೆಲಿನಲ್ಲಿದ್ದಳು. ಆಗಸ್ಟಿನಲ್ಲಿ ನಡೆದದ್ದು ನೆನಪಿದೆಯೇ ಎಂದು ಕೇಳಿ, ಅದೇ ತಪ್ಪನ್ನು ನಾನು ಮಾಡಿದೆ, ಹಡಗು ಮುಳುಗುವುದರಲ್ಲಿತ್ತು, ನಿಮ್ಮೆಲ್ಲರ ಮುಂದೆ ಅವನಿಗೆ ಅವಮಾನ ಮಾಡಿದ್ದು ನನ್ನ ತಪ್ಪು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಇದು ಅವನಿಗೆ ಗೊತ್ತೇ ಎಂದು ಅವಳು ಕೇಳಿದಳು. ಪಕ್ಕದಲ್ಲೇ ಕೂತಿದ್ದಾನೆ ಎಂದೆ. ಅವಳು ಅವನ ಹೆಸರು ಹಿಡಿದು ಜೋರಾಗಿ ಕೂಗಿದಳು. ಅವನು ಕಿಟಕಿಯ ಕಡೆ ತಿರುಗಿಕೊಂಡು ಕನ್ನಡಕ ಒರೆಸಿಕೊಂಡ. ಆಮೇಲೆ ಇನ್ನೂ ಐದು ಕರೆ. ಇಬ್ಬರು ಎತ್ತಲಿಲ್ಲ, ಅದೇ ಮಾತುಗಳನ್ನು ಮೊದಲಿನಿಂದ ಕೊನೆಯವರೆಗೆ ಅವರ ಫೋನಿನಲ್ಲಿ ಬಿಟ್ಟೆ. ಕೊನೆಯದರ ಹೊತ್ತಿಗೆ ನನ್ನ ಬಾಯಿ ಒಣಗಿತ್ತು.

"ಹಂಗಾದ್ರ ಪತ್ರದಾಗ ಎರಡೂ ತಪ್ಪು ಇರ್ಲಿ," ಎಂದು ಅವನು ಪತ್ರವನ್ನು ಅಂಗಿಯ ಜೇಬಿಗೆ ಇಟ್ಟುಕೊಂಡ. ಅದು ಹಾಗೆಯೇ ಹೋಯಿತು, ಮಾರ್ಚಿನಲ್ಲಿ ಆ ಕೆಲಸವೂ ಅವನಿಗೆ ಸಿಕ್ಕಿತು. ಆದರೆ ಅಲ್ಲಿ ಕೂತಿದ್ದಾಗ ನನಗೆ ಅದು ಗೊತ್ತಿರಲಿಲ್ಲ, ಮನಸ್ಸಿನಲ್ಲಿ ಬೇರೆಯೇ ಆಸೆ ಎದ್ದಿತ್ತು.

"ವಾಪಸ್ ಬಂದ್ಬಿಡು ಕಣಯ್ಯ. ನಮ್ಮ ಹಡಗಿಗೇ ಬಾ. ಆ ಕಾಗದ ಹರಿದು ಹಾಕು."

ಅವನು ಡಬ್ಬಿಯ ಮುಚ್ಚಳ ಹಾಕಿ ಒತ್ತಿದ. "ಬರಂಗಿಲ್ರಿ. ಸಿಟ್ಟಿಲ್ಲ ನನಗ, ಖರೇನ ಸಿಟ್ಟಿಲ್ಲ. ಆದ್ರ ನಾ ಕೆಳಗಿಳದು ನೀರು ನೋಡಿ, ಬರದು, ಮ್ಯಾಲ ಬರತೀನಿ. ನೀವು ಸುಮ್ಮ ಏನೋ ಕೆಲಸ ಅದ ಅನ್ನೂವಂಗ ಕೆಳಗ ಹೋಗಿ ಇನ್ನೊಮ್ಮೆ ನೋಡತೀರಿ. ನೀವು ನೋಡೂದನ್ನ ನಾ ನೋಡತೀನಿ. ದಿನಾ ಹೆಂಗ್ರಿ ಅದು?"

ಇಲ್ಲ, ಹೋಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅವನು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದ. ಹೇಳಿದ್ದರೆ ಬಂದೂಬಿಡುತ್ತಿದ್ದನೇನೋ. ನನ್ನಿಂದ ಹೇಳಲಾಗಲಿಲ್ಲ. ಅವನು ಬಂದರೆ ನಾನು ಕೆಳಗೆ ಹೋಗಿ ನೋಡಿಯೇ ನೋಡುತ್ತಿದ್ದೆ.